ಎಡ ಅಂಚು ನಿಜಕ್ಕೂ ಬಿದ್ದಿದೆಯಾ, ಪಟ್ಟೆ ಸುಳ್ಳು ಹೇಳ್ತಿದೆಯಾ? 8 ಇಂಚಿನ ಕನ್ನಡಿ, ಬಾತ್ ಇಂಟರ್‌ಫೆರೋಮೀಟರ್

ಸಾಗರದ_ಗಾಜುಗಾರ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಟೆಲಿಸ್ಕೋಪಿಗೆ ಅಂತ ಒಂದು ಕನ್ನಡಿ ಉಜ್ಜುತ್ತಿದ್ದೇನೆ. 200 ಮಿಮೀ ಅಗಲ, ಫೋಕಲ್ ಉದ್ದ 1200 ಮಿಮೀ, ಬೋರೋಸಿಲಿಕೇಟ್ ಗಾಜು. ಇನ್ನೂ ಅಲ್ಯೂಮಿನಿಯಂ ಲೇಪ ಹಾಕಿಸಿಲ್ಲ. ಕಾರ್ಬೊರಂಡಮ್ ಪುಡಿಯಲ್ಲಿ ಉಜ್ಜೋದು ಮುಗಿದು ಪಿಚ್ (ಟಾರಿನಂಥ ಅಂಟು) ಮೇಲೆ ಸೀರಿಯಂ ಆಕ್ಸೈಡ್ ಹಾಕಿ ಪಾಲಿಶ್ ಮಾಡಿ, ಹೋದ ತಿಂಗಳು ಚೆಂದದ ಗೋಳ ಸಿಕ್ಕಿತ್ತು. ಈ ತಿಂಗಳು ಅದನ್ನು ಪ್ಯಾರಾಬೋಲಾ ಮಾಡಲು ಮಧ್ಯದಲ್ಲಿ ಆಳ ಮಾಡಿದೆ.

ಪರೀಕ್ಷೆಗೆ ಬಾತ್ ಇಂಟರ್‌ಫೆರೋಮೀಟರ್ ಕಟ್ಟಿದ್ದೇನೆ. ಲೇಸರ್ ಕಿರಣವನ್ನು ಎರಡಾಗಿ ಒಡೆದು ಮತ್ತೆ ಸೇರಿಸಿದಾಗ ಮೂಡುವ ಬೆಳಕು-ಕತ್ತಲೆಯ ಪಟ್ಟೆಗಳಿಂದ ಕನ್ನಡಿಯ ಮೇಲ್ಮೈ ಅಳೆಯುವ ಸಾಧನ ಅದು. 650 ನ್ಯಾನೋಮೀಟರಿನ ಕೆಂಪು ಲೇಸರ್, ಒಂದು ಬೀಮ್ ಸ್ಪ್ಲಿಟರ್ ಕ್ಯೂಬ್, ಪುಟ್ಟ ಕನ್ನಡಿ, ಪುಟ್ಟ ಲೆನ್ಸ್, ಅಷ್ಟೇ. ಪಟ್ಟೆಗಳ ಫೋಟೋ ತೆಗೆದು, ಪೈಥಾನ್‌ನಲ್ಲಿ ನಾನೇ ಬರೆದ ಎಫ್‌ಎಫ್‌ಟಿ (ಚಿತ್ರವನ್ನು ಅಲೆಗಳಾಗಿ ಬಿಡಿಸುವ ಲೆಕ್ಕ) ಪ್ರೋಗ್ರಾಮಿಗೆ ಕೊಟ್ಟು ಫೇಸ್ (ಬೆಳಕಿನ ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಅನ್ನೋದು) ತೆಗೀತೇನೆ. ಹೋದ ತಿಂಗಳು ಲೆಕ್ಕ ಸರಿಯಾಗಿ ಬಂತು. ಈಗ ನೋಡಿದರೆ ಎಡಗಡೆ ಹೊರಗಿನ ಒಂದು ಸೆಂಟಿಮೀಟರ್ ಪೂರ್ತಿ ಕೆಳಗೆ ಬಿದ್ದಿದೆ ಅಂತ ತೋರಿಸುತ್ತಿದೆ. ಬಲಗಡೆ ಏನೂ ಆಗಿಲ್ಲ. ಅಂಚು ಬಿದ್ದ ಕನ್ನಡಿ ಅಂದ್ರೆ ಮತ್ತೆ ಹಿಂದಿನ ಪುಡಿಗೆ ಹೋಗಬೇಕು, ಮೂರು ತಿಂಗಳ ಕೆಲಸ ನೀರಲ್ಲಿ ಹೋಮ. ನಾಳೆ ಭಾನುವಾರ, ಶುರು ಮಾಡಿಬಿಡಲಾ?

ಪಟ್ಟೆ_ಮೇಷ್ಟ್ರು

ಬೇಡ. ಗಾಜು ಮುಟ್ಟಬೇಡಿ ಮಾರಾಯ್ರೆ, ಒಂದು ವಾರ ಟವೆಲ್ ಹೊದಿಸಿ ಇಡಿ. ಕೈಯಲ್ಲಿ ತಿರುಗಿಸಿ ತಿರುಗಿಸಿ ಉಜ್ಜಿದ ಗಾಜಿನಲ್ಲಿ ಒಂದೇ ಕಡೆ ಅಂಚು ಬೀಳೋದು ಕಷ್ಟ. ಬಿದ್ದರೆ ಸುತ್ತಲೂ ಬೀಳಬೇಕು. ಫೋಟೋದಲ್ಲಿ ಎಷ್ಟು ಪಟ್ಟೆ ಇಟ್ಟಿದ್ದೀರಿ?

ಸಾಗರದ_ಗಾಜುಗಾರ

ಆರು, ಮೇಷ್ಟ್ರೇ. ಹೋದ ತಿಂಗಳೂ ಆರೇ ಇತ್ತು. ಕಮ್ಮಿ ಇದ್ದಷ್ಟೂ ಕಣ್ಣಿಗೆ ಸ್ಪಷ್ಟ ಅಲ್ವಾ ಅಂತ.

ಅರ್ಧತರಂಗ

ಸಿಕ್ಕಿಬಿತ್ತು. ಸ್ವಲ್ಪ ಉದ್ದ ಬರೀತೇನೆ, ಚಹಾ ಇಟ್ಟುಕೊಂಡು ಓದಿ.

ಫೋಟೋದ ಒಂದೊಂದು ಪಿಕ್ಸೆಲ್‌ನಲ್ಲಿ ನಿಮಗೆ ಸಿಗೋದು ಒಂದೇ ಸಂಖ್ಯೆ, ಎಷ್ಟು ಬೆಳಕು ಬಿತ್ತು ಅಂತ. ಆ ಒಂದು ಸಂಖ್ಯೆಯೊಳಗೆ ಮೂರು ವಿಷಯ ಕಲಸಿಹೋಗಿವೆ. ಹಿನ್ನೆಲೆಯ ಬೆಳಕು, ಪಟ್ಟೆ ಎಷ್ಟು ಗಾಢವಾಗಿದೆ ಅನ್ನೋದು, ಆಮೇಲೆ ಫೇಸ್‌ನ ಕೊಸೈನ್. ನಿಮಗೆ ಬೇಕಾದ್ದು ಮೂರನೆಯದರ ಹೊಟ್ಟೆಯಲ್ಲಿರುವ ಫೇಸ್ ಮಾತ್ರ. ಅದೂ ಸಾಲದು ಅಂತ ಕೊಸೈನ್‌ಗೆ ಪ್ಲಸ್ 30 ಡಿಗ್ರಿ, ಮೈನಸ್ 30 ಡಿಗ್ರಿ ಎರಡೂ ಒಂದೇ. ಗುಡ್ಡವೋ ಗುಂಡಿಯೋ ಅನ್ನೋದು ಫೋಟೋದಲ್ಲಿ ಇಲ್ಲವೇ ಇಲ್ಲ. ಎಷ್ಟು ಒಳ್ಳೆ ಕ್ಯಾಮೆರಾ ತಂದರೂ ಇರಲ್ಲ. ಅದನ್ನು ನಾವೇ ಹೊರಗಿನಿಂದ ಹಾಕಬೇಕು.

ಹಾಕುವ ಒಂದು ದಾರಿ ಅಂದ್ರೆ ಕನ್ನಡಿಯನ್ನು ಸ್ವಲ್ಪ ವಾಲಿಸಿ ಬೇಕಂತಲೇ ನೇರ ಪಟ್ಟೆಗಳನ್ನು ತುಂಬೋದು. ಜಪಾನಿನ ತಕೇದಾ, ಇನಾ, ಕೊಬಯಾಶಿ 1982ರಲ್ಲಿ ಬರೆದ ಪ್ರಬಂಧ ಇದರ ಮೇಲೇ ಇದೆ. ಎಫ್‌ಎಫ್‌ಟಿ ಮಾಡಿದರೆ ಮೂರು ಗುಡ್ಡೆ ಕಾಣುತ್ತವೆ. ನಡುವಿನದು ಹಿನ್ನೆಲೆ, ಅಕ್ಕಪಕ್ಕ ಅವಳಿಜವಳಿ. ಒಂದನ್ನು ಮಾತ್ರ ಉಳಿಸಿ ನಡುವಿಗೆ ಎಳೆದು ತಿರುಗಿ ಎಫ್‌ಎಫ್‌ಟಿ ಮಾಡಿದರೆ ಫೇಸ್ ಹೊರಗೆ ಬರುತ್ತೆ. ಇಷ್ಟೆಲ್ಲ ನಡೆಯೋದು ಮೂರೂ ಗುಡ್ಡೆ ಒಂದಕ್ಕೊಂದು ತಾಗದೆ ದೂರ ಇದ್ದಾಗ ಮಾತ್ರ. ಅಂದ್ರೆ ನೀವು ತುಂಬಿದ ವಾಲು, ಕನ್ನಡಿಯ ಸ್ವಂತ ಇಳಿಜಾರಿಗಿಂತ ಎಲ್ಲ ಜಾಗದಲ್ಲೂ ಜಾಸ್ತಿ ಇರಬೇಕು.

ಈಗ ನಿಮ್ಮ ಕನ್ನಡಿಯ ಲೆಕ್ಕ ಮಾಡೋಣ. ವಕ್ರತಾ ತ್ರಿಜ್ಯ 2400 ಮಿಮೀ. ಗೋಳಕ್ಕೂ ಪ್ಯಾರಾಬೋಲಾಕ್ಕೂ ಅಂಚಿನಲ್ಲಿ ವ್ಯತ್ಯಾಸ 100ರ ನಾಲ್ಕನೇ ಘಾತವನ್ನು 2400ರ ಘನದ ಎಂಟು ಪಟ್ಟಿನಿಂದ ಭಾಗಿಸಿದಷ್ಟು, ಸುಮಾರು 0.9 ಮೈಕ್ರಾನ್. ಬೆಳಕು ಹೋಗಿ ಬರುತ್ತೆ, ಹಾಗಾಗಿ 1.8. ನಿಮ್ಮ ಕೆಂಪು ಲೇಸರಿಗೆ ಅದು 2.8 ತರಂಗ. ಫೋಕಸ್ ಸರಿಮಾಡಿದರೆ ಒಟ್ಟು ಏರಿಳಿತ 0.7 ತರಂಗಕ್ಕೆ ಬರುತ್ತೆ, ಆದರೆ ಇಳಿಜಾರು ಅಷ್ಟು ಕಮ್ಮಿ ಆಗಲ್ಲ. ತೀರಾ ಅಂಚಿನಲ್ಲಿ ಅದು ಒಂದು ತ್ರಿಜ್ಯಕ್ಕೆ 5.6 ತರಂಗದ ಲೆಕ್ಕದಲ್ಲಿ ಓಡುತ್ತಿರುತ್ತೆ. ನೀವು ತುಂಬಿದ್ದೆಷ್ಟು? ಇಡೀ ಅಗಲಕ್ಕೆ 6 ಪಟ್ಟೆ, ತ್ರಿಜ್ಯಕ್ಕೆ 3. ಒಂದು ಕಡೆ 3ಕ್ಕೆ 5.6 ಕೂಡಿಕೊಂಡು ಆರಾಮಾಗಿದೆ. ಇನ್ನೊಂದು ಕಡೆ 3ರಲ್ಲಿ 5.6 ಕಳೆದು ದಿಕ್ಕೇ ತಿರುಗಿಬಿಟ್ಟಿದೆ. ಎಲ್ಲಿಂದ ತಿರುಗುತ್ತೆ ಅಂತ ಬಿಡಿಸಿ ನೋಡಿದೆ, ನಡುವಿನಿಂದ 90 ಮಿಮೀ ಹತ್ತಿರ. ಉಳಿದದ್ದು 10 ಮಿಮೀ. ನಿಮ್ಮ "ಹೊರಗಿನ ಒಂದು ಸೆಂಟಿಮೀಟರ್" ಅದೇ.

ಹೋದ ತಿಂಗಳು ಸರಿ ಬಂದದ್ದು ಯಾಕೆ ಅಂದ್ರೆ ಆಗ ಗಾಜು ಗೋಳವಾಗಿತ್ತು. ಗೋಳಕ್ಕೆ ವಕ್ರತೆಯ ಕೇಂದ್ರದಲ್ಲಿ ಸ್ವಂತ ಇಳಿಜಾರು ಇಲ್ಲ, ಆರು ಪಟ್ಟೆ ಹೇಗೋ ಸಾಕಾಯ್ತು. 35ರಿಂದ 40 ಪಟ್ಟೆ ತುಂಬಿ ಮತ್ತೆ ತೆಗೆಯಿರಿ. ಕಣ್ಣಿಗೆ ಗಜಿಬಿಜಿ ಕಾಣಿಸಲಿ, ಓದೋದು ಕಣ್ಣಲ್ಲ.

ಸಾಗರದ_ಗಾಜುಗಾರ

ಗುರುಗಳೇ ಇದನ್ನ ಓದಿ ಎದ್ದು ಹೋಗಿ ಕನ್ನಡಿಗೆ ಟವೆಲ್ ಹೊದಿಸಿ ಬಂದೆ. ಇವತ್ತು ರಾತ್ರಿ ತೆಗೀತೇನೆ. ಹಗಲು ರಸ್ತೆಯಲ್ಲಿ ಬಸ್ ಹೋದರೆ ಪಟ್ಟೆಯೆಲ್ಲ ಕುಣಿಯುತ್ತೆ.

ಎರಡನೇ_ಸೆಮ್

ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಮ್ಮ ಎಂಎಸ್ಸಿ ಲ್ಯಾಬಿನಲ್ಲಿ ಮೈಕೆಲ್ಸನ್ ಇಂಟರ್‌ಫೆರೋಮೀಟರ್ ಇದೆ, ಒಂದು ಕನ್ನಡಿಯ ಹಿಂದೆ ಪೀಜೋ (ವೋಲ್ಟೇಜ್ ಕೊಟ್ಟರೆ ಚೂರೇ ಚೂರು ಹಿಗ್ಗುವ ವಸ್ತು) ಅಂಟಿಸಿದ್ದಾರೆ. ಅದಕ್ಕೆ ವೋಲ್ಟೇಜ್ ಕೊಟ್ಟು 0, 90, 180, 270 ಡಿಗ್ರಿಗೆ ನಾಲ್ಕು ಫೋಟೋ ತೆಗೆದೆ. ನಾಲ್ಕನೆಯದರಲ್ಲಿ ಎರಡನೆಯದು ಕಳೆದು, ಅದನ್ನು ಒಂದನೆಯದರಲ್ಲಿ ಮೂರನೆಯದು ಕಳೆದದ್ದರಿಂದ ಭಾಗಿಸಿ, ಆರ್ಕ್‌ಟ್ಯಾನ್ ತೆಗೆದೆ. ಗರಗಸದ ಹಲ್ಲಿನ ಹಾಗೆ ಬಂತು, ಅದು ಬರಬೇಕಾದ್ದೇ ಅಂತ ಓದಿದ್ದೇನೆ. ಆದರೆ ಪೈಥಾನಿನ ನಂಪೈನಲ್ಲಿ ಹಲ್ಲು ಬಿಡಿಸಲು ಇರುವ ಅನ್‌ರ‍್ಯಾಪ್ ಕೊಟ್ಟರೆ ಹಲ್ಲು ಹಾಗೇ ಉಳೀತಿದೆ. ಯಾಕೆ?

ಕೋಡ್_ಕೋಸಂಬರಿ

ಹಲ್ಲಿನ ಎತ್ತರ ಅಳೆದು ನೋಡು. 3.14 ಇರುತ್ತೆ, 6.28 ಅಲ್ಲ. ನೀನು ಭಾಗಿಸಿದ ಕ್ಷಣಕ್ಕೇ ಅರ್ಧ ಮಾಹಿತಿ ಹೋಯ್ತು. ಮೇಲೂ ಮೈನಸ್ ಕೆಳಗೂ ಮೈನಸ್ ಇದ್ದರೆ ಭಾಗಾಕಾರ ಪ್ಲಸ್ ಆಗುತ್ತಲ್ಲ, ಎರಡು ಬೇರೆ ಬೇರೆ ಕೋನಗಳಿಗೆ ಒಂದೇ ಉತ್ತರ ಕೊಡುತ್ತೆ. ಭಾಗಿಸಬೇಡ, ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆಯಾಗಿ ಆರ್ಕ್‌ಟ್ಯಾನ್2ಕ್ಕೆ ಕೊಡು. ಆಗ ಹಲ್ಲು 2 ಪೈ ಎತ್ತರದ್ದಾಗುತ್ತೆ. ಅನ್‌ರ‍್ಯಾಪ್ ಹುಡುಕೋದು ಆ ಎತ್ತರದ ಹಲ್ಲನ್ನೇ. ನಾನೂ ಇದರಲ್ಲಿ ಎರಡು ದಿನ ಕಳೆದಿದ್ದೇನೆ, ಅದಕ್ಕೇ ಇಷ್ಟು ಬೇಗ ಗೊತ್ತಾಯ್ತು.

ಇನ್ನೊಂದು, ಎಲ್ಲರಿಗೂ. ಫೋನಿನಲ್ಲಿ ತೆಗೆದ ಜೆಪೆಗ್ ಮೇಲೆ ಈ ಲೆಕ್ಕ ಮಾಡಬೇಡಿ. ಫೋನು ನೋಡೋಕೆ ಚೆನ್ನಾಗಿರಲಿ ಅಂತ ಬೆಳಕಿನ ಪ್ರಮಾಣವನ್ನೇ ಬಗ್ಗಿಸಿ, ಅಂಚುಗಳನ್ನು ಚೂಪು ಮಾಡಿ ಕೊಡುತ್ತೆ. ಅಲೆಯ ಹಾಗೆ ನುಣ್ಣಗಿರಬೇಕಾದ ಪಟ್ಟೆ ಚೌಕಾಕಾರ ಆಗುತ್ತೆ. ಅಲ್ಲಿಂದ ಎರಡು ಪಟ್ಟು, ಮೂರು ಪಟ್ಟು ಆವರ್ತನದ ಸುಳ್ಳು ಗುಡ್ಡೆಗಳು ಹುಟ್ಟಿ ನಿಮ್ಮ ಕನ್ನಡಿಯ ಮೇಲೆ ಇಲ್ಲದ ಏರಿಳಿತ ಬರೆಯುತ್ತವೆ. ರಾ ಫೈಲ್ ತೆಗೆಯಿರಿ, ಎಕ್ಸ್‌ಪೋಷರ್ ಲಾಕ್ ಮಾಡಿ, ಬಿಳಿ ಜಾಗ ಪೂರ್ತಿ ಬಿಳಿಯಾಗಿ ಸುಟ್ಟುಹೋಗದ ಹಾಗೆ ನೋಡಿಕೊಳ್ಳಿ.

ಎರಡನೇ_ಸೆಮ್

ಬಂತು!! ಆದರೆ ಈಗ ಮೇಲ್ಮೈ ಮೇಲೆ ಸಣ್ಣ ಅಲೆ ಇದೆ. ಒಂದು ಪಟ್ಟೆಯ ಅಗಲದಲ್ಲಿ ಸರಿಯಾಗಿ ಎರಡು ಅಲೆ.

ಪಟ್ಟೆ_ಮೇಷ್ಟ್ರು

ಎರಡು ಅಲೆ ಅಂದರೆ ನಿನ್ನ ಪೀಜೋ 90 ಡಿಗ್ರಿ ಹೆಜ್ಜೆ ಇಡುತ್ತಿಲ್ಲ. 85 ಇರಬಹುದು, 97 ಇರಬಹುದು. ಐದನೆಯ ಫೋಟೋ ಒಂದು ತೆಗಿ, 360 ಡಿಗ್ರಿಗೆ. ಅದು ಒಂದನೆಯದರ ಪಡಿಯಚ್ಚು ಇರಬೇಕು. ಎರಡನ್ನೂ ಕಳೆದು ನೋಡು, ಪಟ್ಟೆ ಉಳಿದರೆ ವೋಲ್ಟೇಜ್ ತಿದ್ದು. ಐದನ್ನೂ ಬಳಸುವ ಸೂತ್ರವೇ ಇದೆ. ಎರಡನೆಯದರಲ್ಲಿ ನಾಲ್ಕನೆಯದನ್ನು ಕಳೆದು ಇಮ್ಮಡಿ ಮಾಡಿದರೆ ಮೇಲಿನ ಭಾಗ. ಮೂರನೆಯದರ ಇಮ್ಮಡಿಯಿಂದ ಒಂದನ್ನೂ ಐದನ್ನೂ ಕಳೆದರೆ ಕೆಳಗಿನ ಭಾಗ. ಹೆಜ್ಜೆ ಕೊಂಚ ತಪ್ಪಿದರೂ ಇದು ಕ್ಷಮಿಸುತ್ತೆ.

ಈ ಐದರ ಸೂತ್ರದ ಜೊತೆ ಸೇರಿಕೊಂಡಿರುವ ಹೆಸರು ಪಿ. ಹರಿಹರನ್ ಅವರದು. ಒರೆಬ್, ಐಜು ಜೊತೆ 1987ರಲ್ಲಿ ಬರೆದದ್ದು. ಆಸ್ಟ್ರೇಲಿಯಾಕ್ಕೆ ಹೋಗುವ ಮುಂಚೆ ಅವರು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊಫೆಸರ್ ಆಗಿದ್ದರು. ಹೆಜ್ಜೆ ಇಡುವ ಉಪಾಯ ಅದಕ್ಕಿಂತ ಹಳೆಯದು, 1966ರಲ್ಲೇ ಕಾರೆ ಅನ್ನುವವರು ಮಾಡಿದ್ದರು. 1974ರಲ್ಲಿ ಬ್ರೂನಿಂಗ್ ಮತ್ತು ಜೊತೆಗಾರರು ಬೆಲ್ ಲ್ಯಾಬ್ಸಿನಲ್ಲಿ ಅದನ್ನು ಕಂಪ್ಯೂಟರಿಗೆ ಕಟ್ಟಿದರು.

ಮಾತು ಬಂತಲ್ಲ, ಬೆಂಗಳೂರಿನ ಇನ್ನೊಂದು ಕತೆ ಹೇಳಿಬಿಡುತ್ತೇನೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪಂಚರತ್ನಂ ಅಂತ ಒಬ್ಬ ಹುಡುಗ ಇದ್ದ. ರಾಮನ್ನರ ಸೋದರಳಿಯನೇ. 1956ರಲ್ಲಿ, 22ನೇ ವಯಸ್ಸಿಗೆ, ಒಂದು ಪ್ರಬಂಧ ಬರೆದ. ಬೆಳಕಿನ ಧ್ರುವೀಕರಣವನ್ನು ಒಂದು ಸುತ್ತು ಬದಲಾಯಿಸಿ ಮೊದಲಿನ ಸ್ಥಿತಿಗೇ ತಂದರೂ, ಹೋದ ದೂರ ಅಷ್ಟೇ ಇದ್ದರೂ, ಫೇಸ್ ಮಾತ್ರ ಮೊದಲಿನ ಹಾಗೆ ಇರಲ್ಲ ಅಂತ. 1984ರಲ್ಲಿ ಭೌತವಿಜ್ಞಾನಿ ಮೈಕೆಲ್ ಬೆರಿ ಕ್ವಾಂಟಂ ಭೌತಶಾಸ್ತ್ರದಲ್ಲಿ ಇಂಥದ್ದೇ ಹೇಳಿದ ಮೇಲೆ, ರಾಮಶೇಷನ್ ಮತ್ತು ನಿತ್ಯಾನಂದ 1986ರಲ್ಲಿ "ಇದು ನಮ್ಮಲ್ಲಿ ಆಗಲೇ ಬಂದಿತ್ತು" ಅಂತ ಎತ್ತಿ ತೋರಿಸಿದರು. ಆ ಹೊತ್ತಿಗೆ ಪಂಚರತ್ನಂ ಇರಲಿಲ್ಲ. 1969ರಲ್ಲೇ, 35ಕ್ಕೇ ತೀರಿಕೊಂಡಿದ್ದರು.

ಈ ಥ್ರೆಡ್ಡಿಗೆ ಅದು ಯಾಕೆ ಅಂದರೆ, ಪೀಜೋನೇ ಬೇಡ. ಎರಡು ಕಿರಣಗಳನ್ನು ಎಡ ವೃತ್ತ, ಬಲ ವೃತ್ತ ಧ್ರುವೀಕರಣಕ್ಕೆ ತಿರುಗಿಸಿ, ಕ್ಯಾಮೆರಾ ಮುಂದೆ ಒಂದು ಪೋಲರಾಯ್ಡ್ ಹಿಡಿ. ಪೋಲರಾಯ್ಡನ್ನು 45 ಡಿಗ್ರಿ ತಿರುಗಿಸಿದರೆ ಫೇಸ್ 90 ಸರಿಯುತ್ತೆ, ಯಾವಾಗಲೂ ಇಮ್ಮಡಿ. ಕನ್ನಡಿ ಒಂದು ಕೂದಲೂ ಅಲ್ಲಾಡಲ್ಲ. ಈಗ ಸೋನಿಯ ಸೆನ್ಸರುಗಳಲ್ಲಿ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳ ಮೇಲೆ 0, 45, 90, 135 ಡಿಗ್ರಿಯ ಪುಟಾಣಿ ಪೋಲರಾಯ್ಡುಗಳೇ ಕೂತಿವೆ. ಒಂದೇ ಕ್ಲಿಕ್ಕಿಗೆ ನಾಲ್ಕೂ ಹೆಜ್ಜೆ. ಬಸ್ ಹೋದರೆ ಹೋಗಲಿ.

ರಾತ್ರಿಪಾಳಿ

ಎಲ್ಲಾ ಸರಿ ಸ್ವಾಮಿ. ಒಂದು ರೂಪಾಯಿಯ ಬ್ಲೇಡಿನಲ್ಲಿ ಆಗೋ ಕೆಲಸಕ್ಕೆ ಇಷ್ಟೊಂದು ಪುರಾಣ ಯಾಕೆ? ಫೂಕೋ 1858ರಿಂದ ತೋರಿಸಿಕೊಟ್ಟಿದ್ದಾನೆ. ಕನ್ನಡಿಯಿಂದ ಮರಳಿದ ಬೆಳಕು ಬಂದು ಸೇರುವ ಬಿಂದುವಿಗೆ ಬ್ಲೇಡ್ ಅಡ್ಡ ತನ್ನಿ, ಅಂಚು ನೋಡಿ. ಒಳ್ಳೆ ಅಂಚು ಇದ್ದರೆ ಎರಡೂ ಕಡೆ ಕೂದಲೆಳೆಯಷ್ಟು ಬೆಳಕಿನ ಗೆರೆ ಸಮನಾಗಿ ಕಾಣುತ್ತೆ. ಬಿದ್ದಿದ್ದರೆ ಒಂದು ಕಡೆ ಮಂಕಾಗಿರುತ್ತೆ. ಐದು ನಿಮಿಷ.

ಅರ್ಧತರಂಗ

ಜಗಳ ಬೇಡ, ಬ್ಲೇಡನ್ನೂ ಮಾಡಲೇಬೇಕು. ಎರಡು ಬೇರೆ ಪರೀಕ್ಷೆ ಒಂದೇ ಮಾತು ಹೇಳುವ ತನಕ ಯಾವುದನ್ನೂ ನಂಬಬಾರದು. ಹಬಲ್ ಕತೆ ಗೊತ್ತಲ್ಲ, 1990ರ ಏಪ್ರಿಲ್‌ನಲ್ಲಿ ಮೇಲೆ ಹೋದ ಮೇಲೆ ಚಿತ್ರ ಮಸುಕು. ಕನ್ನಡಿ ತಪ್ಪಾಗಿ ಉಜ್ಜಿದ್ದರು ಅಂತೀವಿ, ಆದರೆ ಉಜ್ಜಿದ ನಯಕ್ಕೆ ಹೆಸರಿಡುವ ಹಾಗಿರಲಿಲ್ಲ. ಸರಿಯಾದ ಕನ್ನಡಿಗೆ ಪಟ್ಟೆ ನೇರ ಬರುವ ಹಾಗೆ ಮಾಡಬೇಕಾದ, ಪರೀಕ್ಷೆಯ ನಲ್ ಕರೆಕ್ಟರ್‌ನಲ್ಲಿ ಒಂದು ಲೆನ್ಸ್ 1.3 ಮಿಮೀ ಆಚೆ ಕೂತಿತ್ತು. ಪಟ್ಟೆಗಳು ನೇರ ಬರುವ ತನಕ ನಿಷ್ಠೆಯಿಂದ ಉಜ್ಜಿದರು, ಅಂಚು 2.2 ಮೈಕ್ರಾನ್ ಚಪ್ಪಟೆಯಾಯ್ತು. ಬೇರೆ ಸಾದಾ ಪರೀಕ್ಷಾ ಉಪಕರಣಗಳು "ಏನೋ ಸರಿ ಇಲ್ಲ" ಅಂತ ತೋರಿಸಿದ್ದವು. ದುಬಾರಿ ಉಪಕರಣವನ್ನೇ ನಂಬಿ ಅವನ್ನು ಪಕ್ಕಕ್ಕಿಟ್ಟರು.

ರಾತ್ರಿಪಾಳಿ

ಅಂದ್ರೆ ಬ್ಲೇಡ್ ಗೆದ್ದಿತು ಅಂತ ಬರೆದುಕೊಳ್ತೇನೆ 😄

ಸಾಗರದ_ಗಾಜುಗಾರ

ರಾತ್ರಿ ಎರಡು ಗಂಟೆ ತನಕ ಕೂತೆ. ಫ್ಯಾನ್ ಆಫ್, ಬಾಗಿಲು ಮುಚ್ಚಿ, ಮನೆಯವರಿಗೆಲ್ಲ ಓಡಾಡಬೇಡಿ ಅಂತ ಹೇಳಿ. 38 ಪಟ್ಟೆ ತುಂಬಿದೆ. ಎಡ ಅಂಚಿನ ಹಳ್ಳ ಮಾಯ! ಬ್ಲೇಡೂ ಹಿಡಿದೆ, ಎರಡೂ ಕಡೆ ಬೆಳಕಿನ ಗೆರೆ ಸಮನಾಗಿದೆ. ರಾತ್ರಿಪಾಳಿ ಅವರಿಗೂ ಒಂದು ನಮಸ್ಕಾರ.

ಆದರೆ ಹೊಸ ಕಿರಿಕಿರಿ. ಒಂದು ಜಾಗದಿಂದ ಬಲಕ್ಕೆ, ಕನ್ನಡಿಯ ಕೊನೆ ತನಕ, ಗೀರು ಎಳೆದ ಹಾಗೆ ಒಂದು ಸಾಲು ಪೂರ್ತಿ ಮೇಲೆದ್ದಿದೆ. ಗಾಜಿನಲ್ಲಿ ಗೀರು ಇಲ್ಲ. ಆ ಸಾಲು ಶುರುವಾಗುವ ಕಡೆ ಫೋಟೋದಲ್ಲಿ ಒಂದು ಧೂಳಿನ ಚುಕ್ಕೆ ಇದೆ, ಸುತ್ತ ಬಳೆ ಬಳೆ.

ಉಪಗ್ರಹ_ಕಣ್ಣು

ಇದು ನನ್ನ ದಿನನಿತ್ಯದ ಗೋಳು, ಹೇಳ್ತೇನೆ. ನಾನು ರೇಡಾರ್ ಚಿತ್ರಗಳಿಂದ ನೆಲ ಎಷ್ಟು ಸರಿಯಿತು ಅಂತ ತೆಗೆಯುವ ಕೆಲಸ ಮಾಡುವವನು. ಅಲ್ಲೂ ಪಟ್ಟೆಗಳೇ. ನಿಮ್ಮಲ್ಲಿ ಒಂದು ಪಟ್ಟೆ ಅಂದರೆ ಗಾಜಿನ ಮೇಲೆ 325 ನ್ಯಾನೋಮೀಟರ್. ಸೆಂಟಿನೆಲ್-1 ರೇಡಾರ್ ಉಪಗ್ರಹದಲ್ಲಿ ಒಂದು ಪಟ್ಟೆಗೆ 2.8 ಸೆಂಟಿಮೀಟರ್. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಿಸಾರ್‌ನ ಎಲ್ ಬ್ಯಾಂಡಿನಲ್ಲಿ ತರಂಗ 24 ಸೆಂಮೀ, ಹಾಗಾಗಿ ಪಟ್ಟೆಗೆ 12. ಅಳತೆ ಬೇರೆ, ತಲೆನೋವು ಒಂದೇ.

ಆರ್ಕ್‌ಟ್ಯಾನ್2 ಕೊಡೋ ಫೇಸ್ ಹಳೆ ಸ್ಕೂಟರಿನ ಮೀಟರ್ ಇದ್ದ ಹಾಗೆ, ತುಂಬಿದ ಕೂಡಲೇ ಸೊನ್ನೆಗೆ ಬರುತ್ತೆ. ನೀವು ಎಡದಿಂದ ಬಲಕ್ಕೆ ನಡೆಯುತ್ತಾ ಎಲ್ಲೆಲ್ಲಿ ದಿಢೀರ್ ಹಾರಿತೋ ಅಲ್ಲೆಲ್ಲ 2 ಪೈ ಸೇರಿಸ್ತೀರಿ. ಧೂಳಿನ ಮೇಲೆ ಕಾಲಿಟ್ಟಾಗ ಒಂದು ಹಾರಿಕೆ ತಪ್ಪಿ ಎಣಿಸಿದಿರಿ. ಆಮೇಲೆ ಸಾಲಿನ ಕೊನೆ ತನಕ ಆ ತಪ್ಪು ಹೊತ್ತುಕೊಂಡೇ ಹೋದಿರಿ. ಅದೇ ನಿಮ್ಮ ಗೀರು.

ಧೂಳು ಎಲ್ಲಿದೆ ಅಂತ ಲೆಕ್ಕವೇ ಹೇಳುತ್ತೆ. ಅಕ್ಕಪಕ್ಕದ ನಾಲ್ಕು ಪಿಕ್ಸೆಲ್ ತಗೊಂಡು ಸುತ್ತು ಬನ್ನಿ, ಪ್ರತಿ ಹೆಜ್ಜೆಯ ವ್ಯತ್ಯಾಸವನ್ನು ಮೈನಸ್ ಪೈ, ಪ್ಲಸ್ ಪೈ ನಡುವೆ ತಂದು ಕೂಡಿಸಿ. ಒಳ್ಳೆ ಜಾಗದಲ್ಲಿ ಸೊನ್ನೆ ಬರುತ್ತೆ. ಕೆಟ್ಟ ಜಾಗದಲ್ಲಿ ಪ್ಲಸ್ 2 ಪೈ ಇಲ್ಲವೇ ಮೈನಸ್ 2 ಪೈ ಬರುತ್ತೆ. ವಿಜಯಪುರದ ಗೋಳಗುಮ್ಮಟದ ಮೂಲೆ ಗೋಪುರದಲ್ಲಿ ಸುತ್ತುಮೆಟ್ಟಿಲು ಹತ್ತಿದ್ದೀರಲ್ಲ, ಒಂದು ಸುತ್ತು ಬಂದರೆ ಹೊರಟ ಜಾಗದ ನೇರ ಮೇಲೆ ಇರ್ತೀರಿ, ಅದೇ ಜಾಗದಲ್ಲಿ ಅಲ್ಲ. ಇಂಥ ಚುಕ್ಕೆಗಳನ್ನು ಪ್ಲಸ್ ಮೈನಸ್ ಜೋಡಿ ಮಾಡಿ ನಡುವೆ ಬೇಲಿ ಹಾಕಿ, ಬೇಲಿ ದಾಟದೆ ನಡೆಯಿರಿ ಅಂತ 1988ರಲ್ಲಿ ಗೋಲ್ಡ್‌ಸ್ಟೈನ್, ಜೆಬ್ಕರ್, ವರ್ನರ್ ಹೇಳಿಕೊಟ್ಟರು.

ನೀವು ಅಷ್ಟೆಲ್ಲ ಬರೆಯಬೇಕಿಲ್ಲ. ನಂಪೈನದು ಸಾಲು ಸಾಲಾಗಿ ನಡೆಯುತ್ತೆ, ಅದನ್ನು ಬಿಡಿ. ಸೈಕಿಟ್-ಇಮೇಜ್‌ನಲ್ಲಿ ಅನ್‌ರ‍್ಯಾಪ್ ಫೇಸ್ ಅಂತ ಇದೆ. ಅದು ಮೊದಲು ನಂಬಿಕೆಯ ಪಿಕ್ಸೆಲ್‌ಗಳನ್ನು ಜೋಡಿಸಿ, ಗಲೀಜು ಜಾಗಕ್ಕೆ ಕೊನೆಗೆ ಹೋಗುತ್ತೆ. ಧೂಳಿಗೂ ಕನ್ನಡಿಯ ಹೊರಗಿನ ಕಪ್ಪಿಗೂ ಮಾಸ್ಕ್ ಹಾಕಿ ಕೊಡಿ. ಎಲ್ಲಕ್ಕಿಂತ ಮೊದಲು ಲೆನ್ಸ್ ಒರೆಸಿ.

ಅರ್ಧತರಂಗ

ಅದರ ಜೊತೆ ಇನ್ನೂ ಸ್ವಲ್ಪ.

ಚಿಹ್ನೆ ಇನ್ನೂ ತೀರ್ಮಾನ ಆಗಿಲ್ಲ. ನೀವು ಬಲಗಡೆ ಗುಡ್ಡೆ ಉಳಿಸಿದಿರೋ ಎಡಗಡೆಯದೋ ಅನ್ನೋದರ ಮೇಲೆ ಇಡೀ ನಕ್ಷೆ ತಲೆಕೆಳಗಾಗುತ್ತೆ. ಗಾಜಿನ ಮೇಲೆ, ನಡುವಿಗಿಂತ ಸ್ವಲ್ಪ ಪಕ್ಕಕ್ಕೆ, ತೋರುಬೆರಳಿನ ತುದಿಯನ್ನು ಹತ್ತು ಸೆಕೆಂಡ್ ಇಟ್ಟು ತೆಗೆಯಿರಿ, ಕೂಡಲೇ ಫೋಟೋ ತೆಗೆಯಿರಿ. ಬೆರಳಿನ ಬಿಸಿಗೆ ಅಲ್ಲಿ ಗಾಜು ಉಬ್ಬುತ್ತೆ, ಇದರಲ್ಲಿ ಎರಡು ಮಾತಿಲ್ಲ. ನಕ್ಷೆಯಲ್ಲಿ ಆ ಜಾಗ ಗುಂಡಿಯಾಗಿ ಬಂದರೆ ಚಿಹ್ನೆ ತಿರುಗಿಸಿ. ಆಮೇಲೆ ಬೆರಳಚ್ಚು ಒರೆಸೋದು ಮರೀಬೇಡಿ.

ಅಂಚಿನ ಸುತ್ತ ಇನ್ನೂ ಸಣ್ಣ ಅಲೆ ಕಂಡರೆ ಹೆದರಬೇಡಿ. ಕನ್ನಡಿ ಮುಗಿದು ಕಪ್ಪು ಶುರುವಾಗುವ ಜಾಗ ಎಫ್‌ಎಫ್‌ಟಿಗೆ ಗೋಡೆ ಇದ್ದ ಹಾಗೆ, ಅಲ್ಲಿ ಡಿಕ್ಕಿ ಹೊಡೆದು ಅಲೆ ಎಬ್ಬಿಸುತ್ತೆ. ಪಟ್ಟೆಗಳನ್ನು ಲೆಕ್ಕದಲ್ಲೇ ಹೊರಗಡೆಗೂ ಬೆಳೆಸಿ ಇದನ್ನು ತಪ್ಪಿಸುವ ದಾರಿಯನ್ನು 1987ರಲ್ಲಿ ರೋಡಿಯರ್ ದಂಪತಿ ಬರೆದಿದ್ದಾರೆ. ನಿಮಗೆ ಬೇಜಾರಾದರೆ ಡಿಎಫ್‌ಟಿಫ್ರಿಂಜ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಬಾತ್ ಬಳಸುವವರು ಬಹಳ ಜನ ಅದನ್ನೇ ಬಳಸೋದು.

ಮತ್ತೆ ಒಂದೇ ಫೋಟೋ ನಂಬಬೇಡಿ. 2.4 ಮೀಟರ್ ಗಾಳಿಯ ನಡುವೆ ಬೆಳಕು ಹೋಗಿ ಬರ್ತಿದೆ. ಇಪ್ಪತ್ತು ಮೂವತ್ತು ತೆಗೆದು ಸರಾಸರಿ ಮಾಡಿ. ಫೋಟೋಗಳನ್ನೇ ಸರಾಸರಿ ಮಾಡಿದರೆ ಪಟ್ಟೆ ಕಲಸಿ ಬೂದಿ ಬಣ್ಣ ಆಗುತ್ತೆ. ಪ್ರತಿಯೊಂದರಿಂದ ನಕ್ಷೆ ತೆಗೆದು, ನಕ್ಷೆಗಳನ್ನು ಸರಾಸರಿ ಮಾಡಬೇಕು. ಆಮೇಲೆ ಕನ್ನಡಿಯನ್ನು ಸ್ಟ್ಯಾಂಡಿನಲ್ಲಿ 90 ಡಿಗ್ರಿ ತಿರುಗಿಸಿ ಇನ್ನೊಂದು ಸುತ್ತು. ಜೊತೆಗೆ ತಿರುಗಿದ್ದು ಗಾಜಿನ ತಪ್ಪು. ಅಲ್ಲೇ ನಿಂತದ್ದು ನಿಮ್ಮ ಸ್ಟ್ಯಾಂಡಿನದೋ ಲೆನ್ಸಿನದೋ.

ಸಾಗರದ_ಗಾಜುಗಾರ

ಹತ್ತು ದಿನ ಆಯ್ತು, ವರದಿ ಒಪ್ಪಿಸ್ತೇನೆ.

ಬೆರಳಿಟ್ಟು ನೋಡಿದೆ. ಪಟ್ಟೆ ಅಲ್ಲಿ ಬಿಲ್ಲಿನ ಹಾಗೆ ಬಾಗಿ, ನೋಡ್ತಾ ನೋಡ್ತಾ ಒಂದೆರಡು ನಿಮಿಷದಲ್ಲಿ ನಿಧಾನಕ್ಕೆ ನೆಟ್ಟಗಾಯ್ತು. ನಮ್ಮ ಮಗಳನ್ನ ಎಬ್ಬಿಸಿ ತೋರಿಸಿದೆ. ಅವಳೂ ಬೆರಳಿಟ್ಟಳು, ಅವಳ ಬೆರಳು ಸಣ್ಣದು, ಗುಡ್ಡವೂ ಸಣ್ಣದು ಬಂತು. ನನ್ನ ಚಿಹ್ನೆ ಉಲ್ಟಾ ಇತ್ತು. ಅಂದರೆ ಇಷ್ಟು ದಿನ ಮಧ್ಯದಲ್ಲಿ ಗುಡ್ಡ ಅಂತ ಅಂದುಕೊಂಡಿದ್ದು ಗುಂಡಿ, ನಾನು ಮುಂದಿನ ಭಾನುವಾರ ಅದನ್ನೇ ಇನ್ನಷ್ಟು ಆಳ ಮಾಡೋಕೆ ಹೊರಟಿದ್ದೆ.

30 ಫೋಟೋ ತೆಗೆದು ಸರಾಸರಿ ಮಾಡಿದೆ. ಲೆನ್ಸ್ ಒರೆಸಿದ್ದಕ್ಕೇ ಗೀರು ಹೋಯ್ತು, ಮಾಸ್ಕ್ ಬೇಕಾಗಲಿಲ್ಲ. ನಕ್ಷೆಯಲ್ಲಿ ಕುದುರೆ ಜೀನಿನ ಹಾಗೆ ಒಂದು ತಿರುಚು ಇತ್ತು. ಕನ್ನಡಿ 90 ಡಿಗ್ರಿ ತಿರುಗಿಸಿದೆ, ತಿರುಚು ಅಲ್ಲೇ ನಿಂತಿತು. ಕನ್ನಡಿ ಕೂರಿಸಿದ್ದ ಎರಡು ಮೊಳೆ ತೆಗೆದು, ಕೆಳಗೆ ಹಳೆ ಬೆಲ್ಟಿನ ಜೋಲಿ ಕಟ್ಟಿದೆ. ಮುಕ್ಕಾಲು ಪಾಲು ಇಳಿಯಿತು. ಉಳಿದದ್ದೂ ಗಾಜಿನ ಜೊತೆ ತಿರುಗಲ್ಲ, ಬೆಲ್ಟ್ ಇನ್ನೂ ಸಮ ಆಗಿಲ್ಲ ಅನ್ಸುತ್ತೆ.

ಮಧ್ಯದ ಗುಂಡಿ ಮಾತ್ರ ನಿಜ. ಅದಕ್ಕೆ ಸುತ್ತಲಿನ ಭಾಗ ಇಳಿಸಬೇಕಾ, ಇಡೀ ಗಾಜಿಗೆ ಉದ್ದ ಕೈ ಹೊಡೆದು ಮತ್ತೆ ಗೋಳಕ್ಕೆ ತಂದು ಹೊಸದಾಗಿ ಶುರು ಮಾಡಬೇಕಾ?

ರಾತ್ರಿಪಾಳಿ

ಗುಂಡಿ ಎಷ್ಟು ಅಗಲ?

ಸಾಗರದ_ಗಾಜುಗಾರ

ಸುಮಾರು 50 ಮಿಮೀ.

ರಾತ್ರಿಪಾಳಿ

ನಿಮ್ಮ ಟೆಲಿಸ್ಕೋಪಿನಲ್ಲಿ ಅಡ್ಡ ಕೂರುವ ಸಣ್ಣ ಓರೆಗನ್ನಡಿ ಎಷ್ಟು?

ಸಾಗರದ_ಗಾಜುಗಾರ

50 ಮಿಮೀ... ಓ. ಅದರ ನೆರಳಲ್ಲೇ ಕೂರುತ್ತೆ ಅಲ್ವಾ ಈ ಗುಂಡಿ.

ರಾತ್ರಿಪಾಳಿ

ಲೇಪಕ್ಕೆ ಕಳಿಸಿ ಮಾರಾಯ್ರೆ.

ಪಟ್ಟೆ_ಮೇಷ್ಟ್ರು

ಕಳಿಸುವ ಮುಂಚೆ ಬೆಲ್ಟ್ ಸಮ ಮಾಡಿ, ಇನ್ನೊಂದು ರಾತ್ರಿ ಕೂತು 30 ಫೋಟೋ ತೆಗೆದಿಡಿ. ರಾ ಫೈಲುಗಳನ್ನು ಇಲ್ಲಿ ಹಾಕಿ. ಎರಡನೇ ಸೆಮ್ ಹುಡುಗ ಅದರ ಮೇಲೆ ತನ್ನ ಪ್ರೋಗ್ರಾಮ್ ಓಡಿಸಿ ನೋಡಲಿ.